ಹಸಿರು ಬದುಕಿದ್ದು, ಕೆಂಪು ಸತ್ತಿದ್ದು

“ಎಡಕ್ಕೆ, ಎಡಕ್ಕೆ! ನಿಮ್ಮ ಎಡ ಅಲ್ಲ ಮೇಡಂ, ಭಾವನ ಎಡ!”

ಮೆಟ್ಟಿಲ ತಿರುವಿನಲ್ಲಿ ಕುರ್ಚಿ ಸಿಕ್ಕಿಹಾಕಿಕೊಂಡಿತ್ತು. ಕುರ್ಚಿಯಲ್ಲಿ ಸತ್ತವರು ಕೂತಿದ್ದರು. ಎದೆಗೂ ಮಂಡಿಗೂ ಹಳೆಯ ಹೊದಿಕೆ ಬಿಗಿದು ಕಟ್ಟಿದ್ದರಿಂದ, ಕ್ಷೌರಕ್ಕೆಂದು ಕೂತು ಹಾಗೇ ನಿದ್ದೆ ಹೋದವರಂತೆ ಕಾಣುತ್ತಿದ್ದರು. ಕೆಳಗಿನಿಂದ ಕುರ್ಚಿಯ ಕಾಲು ಹಿಡಿದಿದ್ದವನು ಅವರ ಹೆಂಡತಿಯ ತಮ್ಮ, ಎಲೆಕ್ಟ್ರಿಷಿಯನ್. ಮೇಲಿನಿಂದ ಕುರ್ಚಿಯ ಬೆನ್ನು ಹಿಡಿದಿದ್ದವಳು ಒಬ್ಬ ಡ್ರೈವಿಂಗ್ ಟೀಚರ್. ಅವಳು ಬಂದು ಇನ್ನೂ ಚಪ್ಪಲಿ ಬಿಚ್ಚಿರಲಿಲ್ಲ. ಹೂವು ಹಿಡಿದು ಬಾಗಿಲಲ್ಲಿ ನಿಂತಿದ್ದವಳನ್ನು ಎಲೆಕ್ಟ್ರಿಷಿಯನ್ ಮೇಲಿನಿಂದ ಕೆಳಗಿನವರೆಗೆ ನೋಡಿ, “ನಿಮ್ಮ ಕೈ ಗಟ್ಟಿ ಇರೋ ಹಾಗಿದೆ, ಸ್ವಲ್ಪ ಹಿಡೀತೀರಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಮಹಡಿಗೆ ಕರೆದುಕೊಂಡು ಹೋಗಿದ್ದ.

“ಈ ಮೆಟ್ಟಿಲಲ್ಲಿ ಬೀರು ಹತ್ತಿಸಿದ್ದೀನಿ, ಹೊಲಿಗೆ ಮೆಷಿನ್ ಇಳಿಸಿದ್ದೀನಿ,” ಅಂದ ಅವನು ಏದುಸಿರಿನಲ್ಲಿ. “ಭಾವ ಅವೆರಡಕ್ಕಿಂತ ಹಟಮಾರಿ.”

“ಲೋ, ಬಾಯಿ ಮುಚ್ಕೊಂಡು ಇಳಿಸೋ,” ಕೆಳಗಿನಿಂದ ಅವನ ಅಕ್ಕನ ದನಿ ಬಂತು. “ಅವರ ಮೊಣಕೈ ಗೋಡೆಗೆ ಉಜ್ಜಬೇಡ.”

“ಅವರಿಗೇನು ನೋವಾಗಲ್ಲ ಬಿಡಕ್ಕ.”

“ನನ್ನ ಗೋಡೆಗೆ ಆಗತ್ತೆ. ಹೋದ ತಿಂಗಳಷ್ಟೇ ಸುಣ್ಣ ಹೊಡೆಸಿದ್ದು.”

ಟೀಚರಿಗೆ ನಗು ಬಂತು. ಸತ್ತವರ ತಲೆ ಅವಳ ಮುಂಗೈಗೆ ಒರಗಿತ್ತು. ಇಷ್ಟು ವರ್ಷಗಳ ಮೇಲೆ ಈ ಮನುಷ್ಯನನ್ನು ನೋಡಲು ಬಂದರೆ, ಅವರ ತೂಕವನ್ನೇ ಕೈಗೆ ಕೊಟ್ಟಿದ್ದರು.

ಮನೆ ಮಹಡಿಯ ಮೇಲೆ, ಕೆಳಗೆ ಹೊಲಿಗೆ ಅಂಗಡಿ. ಶವದ ಪೆಟ್ಟಿಗೆ ಮೆಟ್ಟಿಲು ಹತ್ತುವ ಹಾಗಿರಲಿಲ್ಲವಾದ್ದರಿಂದ ಅವರನ್ನೇ ಕೆಳಗಿಳಿಸಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿದರು. ಮೇಜು ಉದ್ದವಾಗಿತ್ತು, ಅಂಚಿಗೆ ಅಳತೆಯ ಗೆರೆಗಳಿದ್ದವು. ಗೆರೆಗಳು ಮುಗಿಯುವುದಕ್ಕೆ ಮುಂಚೆಯೇ ಅವರ ಹಿಮ್ಮಡಿ ಬಂದಿತ್ತು. ಟೈಲರಮ್ಮ ಹೊದಿಕೆ ಬಿಚ್ಚಿ, ಗಂಡನ ಅಂಗಿಯ ಕಾಲರನ್ನು ಎರಡು ಬೆರಳಿನಿಂದ ನೇರ ಮಾಡಿದಳು. ಆಮೇಲೆ ಟೀಚರನ್ನು ನೋಡಿದಳು.

“ನೀನು ಅವರ ಲ್ಯಾಬಿನ ಹುಡುಗಿ ಅಲ್ವಾ? ಬಿಟ್ಟು ಹೋದೆಯಲ್ಲ, ಅವಳು.”

“ಹೌದಕ್ಕ.”

“ದಪ್ಪ ಆಗಿದ್ದೀಯ. ಒಳ್ಳೇದೇ ಆಯ್ತು,” ಅಂದಳು ಟೈಲರಮ್ಮ. ಕಣ್ಣು ಮಾತ್ರ ಬೇರೆ ಕಡೆ ಹೊರಳಿತು.

ಟೀಚರು ಬಂದದ್ದು ಹೂವಿಡುವುದಕ್ಕಷ್ಟೇ ಅಲ್ಲ. ಅವಳಿಗೆ ಒಂದು ಸಂಗತಿ ತಿಳಿಯಬೇಕಿತ್ತು: ಲ್ಯಾಬಿನಲ್ಲಿ ಆ ದಿನ ತಪ್ಪಿದ್ದು ನನ್ನ ಕೈಯೇ? ಆ ದಿನ ಆ ಕೋಣೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಈಗ ಮೇಜಿನ ಮೇಲೆ ಮಲಗಿರುವ ಇವರು. ಬದುಕಿದ್ದಾಗ ಕೇಳಲು ನಾಚಿಕೆ. ಇವತ್ತು ಬೆಳಿಗ್ಗೆ ಸುದ್ದಿ ಕಿವಿಗೆ ಬಿದ್ದಾಗ, ದುಃಖಕ್ಕಿಂತ ಮೊದಲು ಅವಳಿಗೆ ಅನ್ನಿಸಿದ್ದು, ಇನ್ನು ಯಾರನ್ನು ಕೇಳಲಿ ಅಂತ.

*

ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಕತ್ತಲೆ ಸಾರ್ ಅನ್ನುತ್ತಿದ್ದರು. ಕತ್ತಲಲ್ಲಿ ಅವರು ಬೆಕ್ಕಿನ ಹಾಗೆ ಇದ್ದರು. ಮೈಕ್ರೋಸ್ಕೋಪಿನ ಕೋಣೆಗೆ ಕಿಟಕಿ ಇರಲಿಲ್ಲ, ಬಾಗಿಲಿಗೆ ಎರಡು ಪದರದ ಕರಿ ಪರದೆ. ಅದರೊಳಗೆ ಅವರು ತಡವರಿಸದೆ ಓಡಾಡುತ್ತಿದ್ದರು. ಹೊರಗೆ ಬಂದರೆ ಮಾತ್ರ ಕಣ್ಣು ಕಿರಿದು ಮಾಡಿಕೊಂಡು, ಯಾರದೋ ಮದುವೆಗೆ ತಪ್ಪಿ ಬಂದವರ ಹಾಗೆ ನಿಲ್ಲುತ್ತಿದ್ದರು.

ಅವಳು ಸೇರಿದ ಮೊದಲ ದಿನವೇ ಅವರು ಬೆರಳಿನಷ್ಟು ದಪ್ಪದ ಎರಡು ಕೊಳವೆ ತೋರಿಸಿದ್ದರು. ಎರಡಕ್ಕೂ ಬೆಳ್ಳಿ ಕಾಗದ ಸುತ್ತಿತ್ತು.

“ಇದರಲ್ಲಿ ಬಣ್ಣ ಇದೆ, ಆದ್ರೆ ಗೋಡೆಗೆ ಬಳಿಯೋ ಬಣ್ಣ ಅಲ್ಲ. ಬೆಳಕು ಕುಡಿದು ಬೇರೆ ಬೆಳಕು ಉಗುಳೋ ಜಾತಿ. ನೀಲಿ ಬೆಳಕು ಹಾಯಿಸಿದ್ರೆ ಇದು ಹಸಿರು ಉಗುಳತ್ತೆ. ಅದು ಕೆಂಪು.”

“ಕಾಗದ ಯಾಕೆ ಸಾರ್?”

“ಬೆಳಕಲ್ಲಿಟ್ರೆ ಸುಮ್ಮನೆ ಉಗುಳಿ ಉಗುಳಿ ಸುಸ್ತಾಗಿಬಿಡತ್ತೆ. ನೋಡಿದಷ್ಟೂ ಮಂಕಾಗತ್ತೆ. ಅದಕ್ಕೇ ಒಬ್ಬರು ನೋಡಬೇಕು, ಒಂದೇ ಸಲ ನೋಡಬೇಕು.”

ಆಮೇಲೆ ಅವರು ಹೇಳಿದ್ದು ಅವಳಿಗೆ ಕತೆಯ ಹಾಗೆ ಕೇಳಿಸಿತ್ತು. ಬದುಕಿರುವ ಜೀವಕೋಶ ಮೊದಲನೆಯ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಹೋಗುವಾಗ ಆ ಬಣ್ಣಕ್ಕೆ ಹೊಳಪೇ ಇರುವುದಿಲ್ಲ. ಕೋಶವೇ ಅದನ್ನು ಕತ್ತರಿಸಿ ಹೊಳೆಯುವ ಹಾಗೆ ಮಾಡುತ್ತದೆ, ಇಡೀ ಮೈ ಹಸಿರಾಗುತ್ತದೆ. ಎರಡನೆಯ ಬಣ್ಣವನ್ನು ಅದು ಬಾಗಿಲಲ್ಲೇ ತಡೆಯುತ್ತದೆ.

“ಸತ್ತ ಮೇಲೆ ಗೋಡೆ ಹರಿದಿರತ್ತೆ,” ಅಂದಿದ್ದರು ಕತ್ತಲೆ ಸಾರ್. “ಬಾಗಿಲು ಕಾಯೋರೇ ಇಲ್ಲ, ಯಾರು ಬೇಕಾದ್ರೂ ಬರಬಹುದು. ಆಗ ಕೆಂಪು ಬಣ್ಣ ಸೀದಾ ನಡುಮನೆಗೆ ಹೋಗಿ ಕೂತ್ಕೊಳ್ಳತ್ತೆ. ನಡು ಮಾತ್ರ ಕೆಂಪಾಗಿ ಕಾಣತ್ತೆ. ಹಸಿರು ಬದುಕಿದ್ದು, ಕೆಂಪು ಸತ್ತಿದ್ದು. ಇಷ್ಟೇ ನಮ್ಮ ಕೆಲಸ. ಎಣಿಸೋದು.”

*

ಅಂಗಡಿಗೆ ಜನ ಬರತೊಡಗಿದರು. ಬೀದಿಯ ಆಚೆ ಬದಿಯ ಬೀಗದ ಅಂಗಡಿಯವನು ಬಂದ. ಹೊಲಿಯಲು ಕೊಟ್ಟಿದ್ದ ಬಟ್ಟೆಯ ವಿಷಯ ಕೇಳಲೆಂದೇ ಬಂದು, ಒಳಗೆ ಕಂಡದ್ದಕ್ಕೆ ಬೆಚ್ಚಿ, ತಲೆ ತಗ್ಗಿಸಿ ನಿಂತ ಹೆಂಗಸೊಬ್ಬಳಿದ್ದಳು. ಟೈಲರಮ್ಮ ಅವಳಿಗೆ ಸನ್ನೆಯಲ್ಲೇ, ನಾಡಿದ್ದು ಬಾ, ಅಂದಳು.

“ಏ ಹುಡುಗಿ,” ಟೈಲರಮ್ಮ ಟೀಚರನ್ನು ಕರೆದಳು. “ಕಾಲು ಬರಿದಾಗಿದೆ ನೋಡು. ಮೇಲೆ ಕಪಾಟಿನ ಕೆಳಗಿನ ಡ್ರಾದಲ್ಲಿ ಕಾಲುಚೀಲ ಇದೆ. ಎರಡು ಗಂಟಿನ ಜೋಡಿ ತಗೊಂಡ್ ಬಾ.”

ಟೀಚರು ಮೇಲೆ ಹೋಗಿ ಡ್ರಾ ಎಳೆದಳು. ಕಾಲುಚೀಲಗಳು ಜೋಡಿ ಜೋಡಿಯಾಗಿ ಮಡಿಸಿದ್ದವು. ಕೆಲವು ಕಡು ಹಸಿರು, ಕೆಲವು ಇಟ್ಟಿಗೆ ಕೆಂಪು. ಒಂದನ್ನು ಒಳಮಗ್ಗುಲಾಗಿ ತಿರುಗಿಸಿದಳು. ಬಾಯಿಯ ಹತ್ತಿರ ದಾರದ ಸಣ್ಣ ಗಂಟು ಬೆರಳಿಗೆ ಸಿಕ್ಕಿತು. ಹಸಿರಿಗೆ ಒಂದು ಗಂಟು, ಕೆಂಪಿಗೆ ಎರಡು. ಹಾಗಾದರೆ ಕೆಂಪು ಜೋಡಿ ತಾ ಅಂದರೆ ಸಾಕಿತ್ತಲ್ಲ? ಬಣ್ಣದ ಹೆಸರೇ ಎದುರಿಗಿರುವಾಗ ಗಂಟು ಯಾಕೆ ಎಣಿಸಬೇಕು?

ಅವಳು ಸ್ವಭಾವದಿಂದ ಅನುಮಾನದವಳಲ್ಲ. ಲ್ಯಾಬು ಬಿಟ್ಟ ಮೇಲೆ ಹಾಗಾಗಿದ್ದಳು. ಗ್ಯಾಸ್ ಆರಿಸಿದ ಮೇಲೂ ಮತ್ತೆ ಹೋಗಿ ನೋಡುವವಳು, ಹ್ಯಾಂಡ್‌ಬ್ರೇಕ್ ಎಳೆದ ಮೇಲೂ ಮತ್ತೆ ಮುಟ್ಟುವವಳು. ಕಪಾಟಿನಲ್ಲಿ ನೇತಾಡುತ್ತಿದ್ದ ಅಂಗಿಗಳ ಕಾಲರ್ ಒಳಗೂ ಬೆರಳಾಡಿಸಿದಳು. ಅಲ್ಲೂ ಗಂಟುಗಳು.

ಕೆಳಗೆ ಬಂದು ಕಾಲುಚೀಲ ಕೊಡುತ್ತಾ ಕೇಳಿದಳು. “ಗಂಟು ಯಾಕಕ್ಕ?”

“ಟೈಲರ್ ಚಟ,” ಅಂದಳು ಟೈಲರಮ್ಮ, ಗಂಡನ ಪಾದಕ್ಕೆ ಕಾಲುಚೀಲ ಏರಿಸುತ್ತಾ. ಕೈ ಒಂದು ಕ್ಷಣ ನಿಂತಿತು. “ಕೈ ಸುಮ್ಮನಿರಲ್ಲ.”

ಹೊರಗೆ ಕಾರು ನಿಂತ ಸದ್ದಾಯಿತು. ಲ್ಯಾಬು ನಡೆಸುವ ಪ್ರೊಫೆಸರು ಇಳಿದರು. ಈಗ ಅವರಿಗೂ ವಯಸ್ಸಾಗಿತ್ತು, ಕಿವಿಗೆ ಯಂತ್ರ ಬಂದಿತ್ತು. ಲ್ಯಾಬಿನ ಪರವಾಗಿ ಕಟ್ಟುಹಾಕಿಸಿದ ಒಂದು ಚಿತ್ರವನ್ನು ಎದೆಗವುಚಿ ತಂದಿದ್ದರು. ಕಪ್ಪು ಹಿನ್ನೆಲೆಯಲ್ಲಿ ಗುಲಾಬಿ ಮತ್ತು ಹಸಿರು ಬಣ್ಣದ ಕೋಶಗಳು, ಹೊತ್ತಿಸಿಟ್ಟ ಊರಿನ ಹಾಗೆ. ಅದನ್ನು ಸತ್ತವರ ತಲೆಯ ಬಳಿ ಒರಗಿಸಿದರು.

“ನಮ್ಮ ಲ್ಯಾಬಿನ ಗುಲಾಬಿ ಅಂತಲೇ ಹೆಸರಾಗಿಬಿಟ್ಟಿತ್ತು ಇದು,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಕಿವಿ ಮಂದವಾದವರ ದನಿ. “ಇವರದ್ದೇ ಆಯ್ಕೆ. ಬಣ್ಣದ ವಿಷಯದಲ್ಲಿ ಇವರ ಕಣ್ಣು ಇದ್ದ ಹಾಗೆ ನಾನು ಯಾರದ್ದೂ ನೋಡಿಲ್ಲ. ಮೈಕ್ರೋಸ್ಕೋಪಿನ ಕೋಣೆಗೆ ಇವರ ಫೋಟೋ ಹಾಕ್ತೀವಿ. ಕೆಳಗೆ ಬರೆಸ್ತೀವಿ, ನಮ್ಮ ಕಣ್ಣು ಅಂತ.”

ಟೈಲರಮ್ಮ ಗಂಡನ ಕಾಲುಚೀಲದ ಅಂಚು ಎಳೆದು ಸರಿಮಾಡಿದಳು.

ಟೀಚರು ಚಿತ್ರವನ್ನೇ ನೋಡುತ್ತಿದ್ದಳು. “ಸಾರ್, ನನ್ನ ಕಾಲದಲ್ಲಿ ಇದು ಕೆಂಪಿತ್ತು.”

ಪ್ರೊಫೆಸರಿಗೆ ಅವಳ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹಿಡಿದ ಮೇಲೆ ಅವರ ಮುಖದಲ್ಲಿ ಮುಜುಗರವೂ ಪ್ರೀತಿಯೂ ಒಟ್ಟಿಗೆ ಬಂದವು. “ಓ, ನೀನು! ಹೌದು, ಆಗ ಕೆಂಪೇ. ಕ್ಯಾಮೆರಾ ಕೊಡೋದು ಬರೀ ಬೂದು ಚಿತ್ರ ಅಲ್ವಾ, ಬಣ್ಣ ನಾವು ಆಮೇಲೆ ತುಂಬೋದು. ಇವರು ಒಂದು ದಿನ ಹಟ ಹಿಡಿದ್ರು. ಇನ್ಮೇಲೆ ಕೆಂಪು ಬೇಡ, ಗುಲಾಬಿ ಹಾಕೋಣ ಅಂತ.”

“ಯಾವಾಗ ಸಾರ್?”

“ನೀನು ಬಿಟ್ಟು ಹೋದ ಸ್ವಲ್ಪ ದಿನಕ್ಕೇ.”

*

ಆ ದಿನ ಕ್ಯಾಮೆರಾ ರಿಪೇರಿಗೆ ಹೋಗಿತ್ತು. ಕ್ಯಾನ್ಸರಿಗೆ ಹೊಸ ಔಷಧ ತಯಾರಿಸುತ್ತಿದ್ದ ಕಂಪನಿಯೊಂದರ ಜನ ಮಧ್ಯಾಹ್ನ ಬರುವವರಿದ್ದರು. ಕ್ಯಾನ್ಸರ್ ಕೋಶಗಳಿಗೆ ಔಷಧ ಹಾಕಿ, ಎಷ್ಟು ಸತ್ತವು ಎಂದು ಅವರಿಗೆ ಹೇಳಬೇಕಿತ್ತು. ಔಷಧವನ್ನು ಕೊಳವೆಯಿಂದ ಕೊಳವೆಗೆ ಹತ್ತು ಪಟ್ಟು ತಿಳಿಯಾಗಿಸುತ್ತಾ ಹೋಗಿ ತಟ್ಟೆಗೆ ಹಾಕಿದ್ದು ಅವಳು. ಎಣಿಸಲು ಕೂತವರು ಕತ್ತಲೆ ಸಾರ್. ಎರಡು ಬಣ್ಣವನ್ನೂ ಒಟ್ಟಿಗೆ ತೋರಿಸುವ ಹೊಸ ಫಿಲ್ಟರನ್ನು ಪ್ರೊಫೆಸರೇ ಕೂರಿಸಿ, “ಕಣ್ಣಲ್ಲೇ ಎಣಿಸಿಬಿಡಿ, ಬೇಗ,” ಎಂದು ಪರದೆಯ ಆಚೆ ನಿಂತಿದ್ದರು.

ಅವಳು ಕತ್ತಲಲ್ಲಿ ಪಕ್ಕದಲ್ಲೇ ಕೂತು, ಅವರು ಹೇಳಿದ್ದನ್ನು ಗುರುತು ಹಾಕಿಕೊಳ್ಳುತ್ತಿದ್ದಳು. ಔಷಧ ಹಾಕದ ತಟ್ಟೆ ಮೊದಲು. “ಬದುಕಿದೆ. ಬದುಕಿದೆ. ಬದುಕಿದೆ. ಸತ್ತಿದೆ. ಬದುಕಿದೆ.” ಆಮೇಲೆ ಔಷಧ ಹಾಕಿದ್ದು. ಅವರು ಫೋಕಸಿನ ತಿರುಗುಣಿಯನ್ನು ಆ ಕಡೆ ಈ ಕಡೆ ತಿರುಗಿಸುತ್ತಲೇ ಇದ್ದರು.

“ಆಯ್ತಾ?” ಎಂದು ಪರದೆಯ ಆಚೆಯಿಂದ ಪ್ರೊಫೆಸರು ಕೇಳಿದರು.

“ಸತ್ತಿದೆ,” ಅಂದರು ಕತ್ತಲೆ ಸಾರ್. “ಸತ್ತಿದೆ. ಸತ್ತಿದೆ. ಇದೂ ಸತ್ತಿದೆ.”

“ನಾನೂ ಒಂದ್ಸಲ ನೋಡ್ಲಾ ಸಾರ್?”

“ಬೇಡಮ್ಮ. ಮಂಕಾಗ್ತಿದೆ ಆಗಲೇ.”

ಪ್ರೊಫೆಸರು ಕಂಪನಿಯವರ ಎದುರು ಕುಣಿಯುವುದೊಂದು ಬಾಕಿ. ಕ್ಯಾಮೆರಾ ಬಂದ ಮೇಲೆ ಅದೇ ಪ್ರಯೋಗವನ್ನು ಮತ್ತೆ ಮಾಡಿದರು. ಕೋಶಗಳು ಸಾಯಲಿಲ್ಲ. ಮತ್ತೆ ಮಾಡಿದರು. ಸಾಯಲೇ ಇಲ್ಲ. ಮೊದಲ ಸಲ ಅಷ್ಟೊಂದು ಸಾಯಬೇಕಿದ್ದರೆ ಔಷಧ ಹತ್ತು ಪಟ್ಟು ಗಟ್ಟಿಯಾಗಿ ಬಿದ್ದಿರಬೇಕು. ತಿಳಿ ಮಾಡುವಾಗ ಒಂದು ಹಂತ ಬಿಟ್ಟುಹೋಗಿರಬೇಕು. ಯಾರು ತಿಳಿ ಮಾಡಿದ್ದು?

ಯಾರೂ ಬೈಯಲಿಲ್ಲ. ಅದೇ ಕಷ್ಟವಾಗಿತ್ತು. ವರ್ಷದ ಕೊನೆಗೆ ಅವಳ ಕೆಲಸವನ್ನು ಮುಂದುವರಿಸಲಿಲ್ಲ ಅಷ್ಟೆ. ಮೊದಮೊದಲು ಅವಳಿಗೆ ತನ್ನ ಕೈ ತಪ್ಪಿಲ್ಲವೆಂದೇ ಗೊತ್ತಿತ್ತು. ಆಮೇಲೆ ತಪ್ಪಿರಬಹುದು ಅನ್ನಿಸಿತು. ಕೊನೆಗೆ ತಪ್ಪಿದ್ದು ನೆನಪೇ ಬಂದುಬಿಟ್ಟಿತು: ಬೆರಳು ಒಂದು ಕೊಳವೆಯನ್ನು ದಾಟಿ ಮುಂದಿನದಕ್ಕೆ ಹೋಗುತ್ತಿರುವ ಹಾಗೆ, ಸ್ಪಷ್ಟವಾಗಿ.

*

“ಭಾವನ ಕಣ್ಣಿನ ವಿಷಯ ಹೇಳಬೇಡಿ,” ಪ್ರೊಫೆಸರು ಆಚೆ ಹೋದ ಮೇಲೆ ಎಲೆಕ್ಟ್ರಿಷಿಯನ್ ಬೀಗದವನ ಹತ್ತಿರ ಶುರುಮಾಡಿದ್ದ. “ಅಲ್ಲಿ ಏನು ನೋಡ್ತಿದ್ರೋ ನಂಗೊತ್ತಿಲ್ಲ. ಮಾರ್ಕೆಟ್ಟಿಗೆ ಕಳಿಸಿದ್ರೆ ಎಲ್ಲಾ ಕಾಯಿ ಟೊಮೆಟೊ. ಒಂದ್ಸಲ ನನ್ನ ಜೊತೆ ವೈರಿಂಗಿಗೆ ಬಂದ್ರು, ಕೆಂಪು ವೈರ್ ಕೊಡಿ ಭಾವ ಅಂದ್ರೆ ಹಸಿರು ಕೊಟ್ರು. ನಾನು ಆವತ್ತೇ ಹೋಗ್ತಿದ್ದೆ. ಮೊದಲು ಹೋಗಬೇಕಿದ್ದವನು ನಾನು!”

“ಮರೆವು ಇರಬೇಕು,” ಅಂದ ಬೀಗದವನು.

“ಮರೆವಲ್ಲ, ನಿರ್ಲಕ್ಷ್ಯ. ದೊಡ್ಡ ದೊಡ್ಡ ವಿಷಯ ಮಾಡೋರಿಗೆ ನಮ್ಮ ವೈರ್ ಯಾವ ಲೆಕ್ಕ.”

ಟೀಚರ ಕೈಯಲ್ಲಿದ್ದ ಲೋಟ ಬಾಯಿಯ ಹತ್ತಿರ ಹೋಗಿ ನಿಂತಿತು.

*

ಎಷ್ಟೋ ವರ್ಷಗಳ ಮೇಲೆ, ಅವಳು ಡ್ರೈವಿಂಗ್ ಸ್ಕೂಲ್ ತೆರೆದ ಮೇಲೆ, ಕತ್ತಲೆ ಸಾರ್ ಒಂದು ದಿನ ಅಲ್ಲಿಗೆ ಬಂದಿದ್ದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು.

“ಸಾರ್, ನೀವು ಡ್ರೈವಿಂಗ್ ಕಲೀತೀರಾ?”

“ಕಲೀಬೇಕು ಅನ್ನಿಸ್ತು. ನೀನೇ ಕಲಿಸಬೇಕು.”

ಚೆನ್ನಾಗಿಯೇ ಓಡಿಸುತ್ತಿದ್ದರು. ಸಿಗ್ನಲ್ಲುಗಳಲ್ಲಿ ಸರಿಯಾಗಿ ನಿಲ್ಲುತ್ತಿದ್ದರು, ಸರಿಯಾಗಿ ಹೊರಡುತ್ತಿದ್ದರು. ಹಳೆಯ ವಿಷಯ ಅವಳೂ ಎತ್ತಲಿಲ್ಲ. ತಪ್ಪು ಮಾಡಿದವಳು ತಾನು, ತಾನಾಗಿ ಯಾಕೆ ಕೆದಕಬೇಕು? ಒಂದು ದಿನ ರಸ್ತೆ ಅಗೆದಿದ್ದ ಜಾಗಕ್ಕೆ ಬಂದರು. ಅರ್ಧ ರಸ್ತೆಯಷ್ಟೇ ತೆರೆದಿತ್ತು. ಕೆಲಸದವನೊಬ್ಬ ಕೋಲಿಗೆ ಸಿಕ್ಕಿಸಿದ ದುಂಡು ಹಲಗೆ ಹಿಡಿದು ನಿಂತಿದ್ದ. ಒಂದು ಮುಖ ಕೆಂಪು, ಇನ್ನೊಂದು ಹಸಿರು. ಮುಂದೆ ಬೇರೆ ಗಾಡಿ ಇರಲಿಲ್ಲ. ಅವನು ಹಲಗೆ ತಿರುಗಿಸಿದ. ಕಾರು ಹೊರಡಲಿಲ್ಲ.

“ಹೋಗಿ ಸಾರ್.”

“ಈಗ ಯಾವುದು ತೋರಿಸ್ತಿದ್ದಾನೆ?”

“ಹಸಿರು ಸಾರ್! ಇಷ್ಟು ದೊಡ್ಡ ತಟ್ಟೆ ಕಾಣಲ್ವಾ?”

ಹಿಂದಿನ ಲಾರಿ ಹಾರನ್ ಬಾರಿಸಿತು. ಅವರು ರಸ್ತೆ ಬಿಟ್ಟು ಅವಳ ಮುಖ ನೋಡಿದರು. ನೋಡುತ್ತಲೇ ಇದ್ದರು.

“ನನ್ನ ಏನಾದ್ರೂ ಕೇಳಬೇಕು ಅನ್ನಿಸ್ತಿಲ್ವಾ ನಿಂಗೆ?”

“ಕ್ಲಚ್ ಬಿಡಿ ಸಾರ್,” ಅಂದಿದ್ದಳು ಅವಳು. “ಹಿಂದಿನವನು ಇಳಿದು ಬಂದು ಹೊಡೀತಾನೆ.”

ಅವರು ಕ್ಲಚ್ ಬಿಟ್ಟರು. ಮಾರನೆಯ ದಿನದಿಂದ ಬರಲಿಲ್ಲ.

*

ಟೀಚರು ಲೋಟ ಕೆಳಗಿಟ್ಟು ಅಂಗಡಿಯ ಹಿಂಭಾಗಕ್ಕೆ ಹೋದಳು. ಅಲ್ಲಿ ಗೋಡೆಯುದ್ದಕ್ಕೂ ದಾರದ ಉಂಡೆಗಳ ಕಪಾಟು. ಟೈಲರಮ್ಮ ಅದರ ಎದುರು ಸ್ಟೂಲಿನ ಮೇಲೆ ಕೂತು, ಜನರ ಕಣ್ಣಿಗೆ ಮರೆಯಾಗಿ, ಕಾಲು ನೀವಿಕೊಳ್ಳುತ್ತಿದ್ದಳು.

“ಅಕ್ಕ, ಅವರಿಗೆ ಕೆಂಪೂ ಹಸಿರೂ ಒಂದೇ ಥರ ಕಾಣ್ತಿತ್ತಾ?”

ಟೈಲರಮ್ಮ ತಲೆ ಎತ್ತಲಿಲ್ಲ. “ಇವತ್ತೇ ಕೇಳಬೇಕಿತ್ತಾ ನೀನು?”

“ನಾನು ಯಾರ ಹತ್ರಾನೂ ಹೇಳಲ್ಲ. ಪ್ರೊಫೆಸರ್ ಹತ್ರಾನೂ ಹೇಳಲ್ಲ. ಅವರ ಫೋಟೋ ಹಾಕಲಿ, ಏನು ಬೇಕಾದ್ರೂ ಬರೆಸಲಿ. ನಂಗೆ ಗೊತ್ತಾದ್ರೆ ಸಾಕು. ಆವತ್ತು ತಪ್ಪಿದ್ದು ನನ್ನ ಕೈಯಾ, ಅವರ ಕಣ್ಣಾ?”

ಹೊರಗೆ ಎಲೆಕ್ಟ್ರಿಷಿಯನ್ ಯಾರಿಗೋ ವ್ಯಾನಿನ ದಾರಿ ಹೇಳುತ್ತಿದ್ದ. ಟೈಲರಮ್ಮ ಒಂದು ದಾರದ ಉಂಡೆ ತೆಗೆದು, ಮತ್ತೆ ಅದರ ಜಾಗದಲ್ಲೇ ಇಟ್ಟಳು.

“ಮದುವೆಯಾದ ವರ್ಷವೇ ಗೊತ್ತಾಗಿತ್ತು ನಂಗೆ,” ಅಂದಳು. “ಹೊಲಿಯೋಳ ಹತ್ರ ಬಣ್ಣ ಮುಚ್ಚಿಡೋಕಾಗತ್ತಾ? ಗಂಟು ಹಾಕೋಕೆ ಶುರು ಮಾಡಿದೆ. ಯಾಕೆ ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಗಂಟು ಮಾತ್ರ ಮುಟ್ಟಿ ನೋಡ್ಕೊಂಡು ಹಾಕ್ಕೊಳ್ಳೋರು. ಬಾಯಿ ಬಿಟ್ಟಿದ್ದು ಒಂದೇ ಸಲ.”

*

ಅವತ್ತು ಅವರು ಲ್ಯಾಬಿನಿಂದ ಬಂದವರು ಚಪ್ಪಲಿಯನ್ನೂ ಬಿಡದೆ ದಾರದ ಬುಟ್ಟಿಯ ಎದುರು ಕೂತರಂತೆ. ಎರಡು ಉಂಡೆ ಆರಿಸಿ, ಒಂದೊಂದು ಕೈಯಲ್ಲಿ ಹಿಡಿದು ಹೆಂಡತಿಗೆ ತೋರಿಸಿದರು.

“ಇದರಲ್ಲಿ ಹಸಿರು ಯಾವುದು?”

“ಎಡಗೈದು.”

ಕೈಗಳನ್ನು ಬೆನ್ನ ಹಿಂದೆ ಒಯ್ದು, ಮಕ್ಕಳ ಆಟದಲ್ಲಿ ಮಾಡುವ ಹಾಗೆ ಅದಲುಬದಲು ಮಾಡಿ, ಮತ್ತೆ ಮುಂದೆ ತಂದರು. “ಈಗ?”

“ಬಲಗೈದು.”

“ಈಗ?”

“ಈಗಲೂ ಬಲಗೈದೇ. ಏನಾಗಿದೆ ನಿಮಗೆ?”

ಅವರು ಉಂಡೆಗಳನ್ನು ಮಡಿಲಲ್ಲಿ ಹಾಕಿಕೊಂಡರು. ಅಲ್ಲಿ ಸೇರಿಬಿಟ್ಟ ಮೇಲೆ ಯಾವುದು ಯಾವುದೆಂದು ಅವರಿಗೆ ಗೊತ್ತಾಗಲಿಲ್ಲವೆಂದು ಅವಳಿಗೆ ತಿಳಿಯಿತು.

“ಯಾವಾಗಲೂ ಬೇರೆ ಏನೋ ನೋಡಿ ಹೇಳ್ತಿದ್ದೆ,” ಅಂದರು. “ತಪ್ತಿರಲಿಲ್ಲ. ಈ ಸಲ ತಪ್ಪಿದೆ. ಒಂದು ಹುಡುಗಿ ತಲೆ ಮೇಲೆ ಹಾಕಿದ್ದಾರೆ ಅದನ್ನ. ನಾಳೆ ಹೋಗಿ ಹೇಳಿಬಿಡ್ತೀನಿ.”

“ಹೇಳಿದ್ರೆ ನಿಮ್ಮನ್ನ ಇಟ್ಕೋತಾರಾ?”

“ಬಣ್ಣ ಕಾಣದವನನ್ನ ಆ ಕೋಣೆಯಲ್ಲಿ ಯಾರು ಇಟ್ಕೋತಾರೆ?”

ಆಗ ಈ ಅಂಗಡಿ ಇನ್ನೂ ಇರಲಿಲ್ಲ. ಮಹಡಿಯ ಮನೆಯೂ ಅವರದಾಗಿರಲಿಲ್ಲ.

*

“ಹಾಗಾದ್ರೆ ಹೇಳಬೇಡಿ ಅಂದೆ ನಾನು,” ಅಂದಳು ಟೈಲರಮ್ಮ. “ಅಂದಿದ್ದು ನಾನು. ಅವರು ಹೇಳೋರಿದ್ರು.”

ಟೀಚರಿಗೆ ಸಿಟ್ಟು ಬರಬಹುದೆಂದು ಅವಳು ಕಾದಳು. ಟೀಚರಿಗೂ ಅದು ಬರಬಹುದೆಂದು ಅನ್ನಿಸಿತ್ತು. ಬದಲಿಗೆ ಬಂದದ್ದು ಇನ್ನೊಂದು ಪ್ರಶ್ನೆ.

“ಬೇರೆ ಏನೋ ನೋಡಿ ಅಂದ್ರೆ? ಏನು ನೋಡಿ ಹೇಳ್ತಿದ್ರು?”

“ಅದನ್ನ ನಾನು ಹೇಗೆ ಹೇಳಲಮ್ಮ? ನಾನು ಬ್ಲೌಸ್ ಹೊಲಿಯೋಳು.”

ವ್ಯಾನು ಬಂತು. ಪೆಟ್ಟಿಗೆಯನ್ನು ಒಳಗೆ ತಂದರು. ಈ ಸಲ ಹೊರಲು ಬೇಕಾದಷ್ಟು ಕೈಗಳಿದ್ದವು.

ಸ್ಮಶಾನ ಊರ ಹೊರಗಿನ ಗಾರೆ ಗೋಡೆಯ ಹಿಂದೆ ಇತ್ತು. ಗುಂಡಿ ತೋಡಿದವರು ನೆರಳಿನಲ್ಲಿ ಬೀಡಿ ಸೇದುತ್ತಾ ಕಾಯುತ್ತಿದ್ದರು. ಇಳಿಸುವಾಗ ಹಗ್ಗ ಒಂದು ಕಡೆ ಜಾರಿತು, ಎಲೆಕ್ಟ್ರಿಷಿಯನ್ “ಮೆಲ್ಲಗೆ, ಮೆಲ್ಲಗೆ” ಎಂದು ಕೂಗಿದ. ಆಮೇಲೆ ಅವನೇ ಎಲ್ಲರಿಗಿಂತ ಜೋರಾಗಿ ಅತ್ತ. ಮಣ್ಣು ಮುಚ್ಚಿ, ಸಮ ಮಾಡಿ, ಹೂವಿಟ್ಟ ಮೇಲೆ ಜನ ಗೇಟಿನ ಕಡೆ ಕರಗಿದರು. ಉಳಿದವರು ನಾಲ್ವರು.

“ಆ ಫೋಟೋ ವಿಷಯ,” ಪ್ರೊಫೆಸರು ಟೈಲರಮ್ಮನ ಹತ್ತಿರ ಬಂದರು. “ಒಂದು ಒಳ್ಳೆ ಫೋಟೋ ಆರಿಸಿಕೊಡಿ. ಅಂಥ ಕಣ್ಣು—”

“ಅವರಿಗೆ ಬಣ್ಣ ಕಾಣ್ತಿರಲಿಲ್ಲ ಸಾರ್,” ಅಂದಳು ಟೈಲರಮ್ಮ.

ಪ್ರೊಫೆಸರು ಕಿವಿಯ ಯಂತ್ರ ಮುಟ್ಟಿಕೊಂಡರು. “ಏನಂದ್ರಿ?”

“ಅಕ್ಕ, ಬೇಡ,” ಅಂದಳು ಟೀಚರು.

“ನೀನು ಸುಮ್ಮನಿರು. ಕೆಂಪು ಹಸಿರು ಅವರಿಗೆ ಬೇರೆ ಬೇರೆ ಕಾಣ್ತಿರಲಿಲ್ಲ. ಹುಟ್ಟಿದಾಗಿನಿಂದ. ಗುಲಾಬಿ ಬೇಕು ಅಂದಿದ್ದೂ ಅದಕ್ಕೇ, ಅದು ಹಸಿರಿನಿಂದ ಬೇರೆ ಕಾಣ್ತಿತ್ತು. ಆವತ್ತು ಎಣಿಸೋದ್ರಲ್ಲಿ ತಪ್ಪಿದ್ದು ಅವರು. ಇವಳಲ್ಲ. ಅವರು ನಿಮಗೆ ಹೇಳೋಕೆ ಹೊರಟಿದ್ರು, ನಾನು ಬಿಡಲಿಲ್ಲ. ಫೋಟೋ ಹಾಕೋದಾದ್ರೆ ಇಷ್ಟು ತಿಳ್ಕೊಂಡು ಹಾಕಿ. ಇಲ್ಲಾಂದ್ರೆ ಬೇಡ.”

ಎಲೆಕ್ಟ್ರಿಷಿಯನ್ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದ. “ಅಯ್ಯೋ ಭಾವ,” ಅಂದ ಮಣ್ಣಿನ ಕಡೆ ತಿರುಗಿ. “ನಾನು ನಿಮ್ಮನ್ನ ಎಷ್ಟು ಬೈದೆ, ಒಂದು ಮಾತು ಅನ್ನಬಾರದಿತ್ತಾ?” ಮೂಗು ಒರೆಸಿಕೊಳ್ಳುತ್ತಾ ಗೇಟಿನ ಕಡೆ ನಡೆದ.

ಪ್ರೊಫೆಸರು ಟೀಚರ ಕಡೆ ತಿರುಗಿದರು. ಕ್ಷಮೆ ಕೇಳುತ್ತಾರೆಂದು ಟೀಚರು ಅಂದುಕೊಂಡಳು. ಆದರೆ ಅವರ ಹುಬ್ಬು ಗಂಟಿಕ್ಕಿತ್ತು, ಬಗೆಹರಿಯದ ಲೆಕ್ಕದ ಎದುರು ಕೂತವರ ಹಾಗೆ.

“ಸಾಧ್ಯವೇ ಇಲ್ಲ,” ಅಂದರು. “ಮೂವತ್ತು ವರ್ಷ ಎಣಿಸಿದ್ದಾರೆ ಆ ಮನುಷ್ಯ. ಕ್ಯಾಮೆರಾ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಕೂದಲಷ್ಟೂ ವ್ಯತ್ಯಾಸ ಬರ್ತಿರಲಿಲ್ಲ. ಬಣ್ಣ ಕಾಣದೆ ಹೇಗೆ ಎಣಿಸ್ತಾರೆ?”

“ನಾನೂ ಅದನ್ನೇ ಯೋಚನೆ ಮಾಡ್ತಿದ್ದೆ ಸಾರ್,” ಅಂದಳು ಟೀಚರು. “ದಾರಿಯುದ್ದಕ್ಕೂ. ಸಿಗ್ನಲ್ಲಿನಲ್ಲಿ ದೀಪ ಮೇಲಿದೆಯೋ ಕೆಳಗಿದೆಯೋ ನೋಡಿ ಕಾರು ಹೊರಡಿಸ್ತಿದ್ದ ಹಾಗೆ, ಇಲ್ಲಿ ಆಕಾರ ನೋಡಿ ಇರಬೇಕು.”

“ಆಕಾರ?”

“ಬದುಕಿರೋದು ಇಡೀ ಮೈ ಹೊಳೆಯತ್ತೆ. ಹರಡಿಕೊಂಡು, ದೊಡ್ಡದಾಗಿ. ಸತ್ತಿರೋದರಲ್ಲಿ ನಡು ಒಂದೇ ಹೊಳೆಯೋದು. ಸಣ್ಣ ಚುಕ್ಕೆ. ದೊಡ್ಡದು ಬದುಕಿದ್ದು, ಚಿಕ್ಕದು ಸತ್ತಿದ್ದು. ಬಣ್ಣ ಯಾಕೆ ಬೇಕು?”

ಪ್ರೊಫೆಸರು ಕೆಳಗೆ ಬಿದ್ದಿದ್ದ ಒಂದು ಕಡ್ಡಿ ಎತ್ತಿಕೊಂಡರು. ಮಂಡಿ ಹಿಡಿದುಕೊಂಡು, ನರಳಿ, ಸಮ ಮಾಡಿದ ಹಸಿ ಮಣ್ಣಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಕೈಕಾಲು ಚಾಚಿದ ಒಂದು ಆಕಾರ ಬರೆದರು, ಅದರ ಪಕ್ಕ ಒಂದು ಸಣ್ಣ ವೃತ್ತ. ಟೀಚರೂ ಎದುರಿಗೆ ಕೂತಳು.

“ಹಾಗಾದ್ರೆ ಆವತ್ತು ಯಾಕೆ ತಪ್ಪಿದ್ರು?” ಎಂದು ಅವರು ತಮ್ಮನ್ನೇ ಕೇಳಿಕೊಂಡರು. ಕಡ್ಡಿ ಗಾಳಿಯಲ್ಲಿ ನಿಂತಿತು. “ಔಷಧ. ಆ ಔಷಧ ಕೊಲ್ತಿರಲಿಲ್ಲ, ಕುಗ್ಗಿಸ್ತಿತ್ತು. ಅದು ನಮಗೆ ಗೊತ್ತಾಗಿದ್ದು ಎಷ್ಟೋ ತಿಂಗಳಾದ ಮೇಲೆ. ಕೋಶ ಕೈಕಾಲು ಎಳೆದುಕೊಂಡು ಗೋಲಿ ಹಾಗೆ ಆಗಿಬಿಡೋದು. ಬದುಕೇ ಇರೋದು, ಆದ್ರೆ—”

“ಇಷ್ಟೇ ಇರೋದು,” ಅಂದು ಟೀಚರು ಅವರ ಕೈಯಿಂದ ಕಡ್ಡಿ ತೆಗೆದುಕೊಂಡು ಇನ್ನೊಂದು ಸಣ್ಣ ವೃತ್ತ ಬರೆದಳು.

ಇಬ್ಬರೂ ಅದನ್ನು ನೋಡಿದರು.

“ನೀನು ಹಾಕಿದ್ದು ಸರಿಯಾಗೇ ಇತ್ತು,” ಅಂದರು ಪ್ರೊಫೆಸರು, ಮೆಲ್ಲಗೆ. ಬೆಳಗಿನಿಂದ ಅವರು ಮೆಲ್ಲಗೆ ಹೇಳಿದ ಮಾತು ಅದೊಂದೇ. “ಹತ್ತು ಪಟ್ಟೂ ಇಲ್ಲ, ಏನೂ ಇಲ್ಲ.”

“ಹೌದು ಸಾರ್.”

ಅವಳ ಕೈ ನಿಲ್ಲಲಿಲ್ಲ. ತಟ್ಟೆಯಲ್ಲಿ ಅವು ಹೇಗೆ ಗುಂಪುಗೂಡಿರುತ್ತಿದ್ದವೆಂದು ತೋರಿಸಲು ಮತ್ತಷ್ಟು ಬರೆದಳು. ಅಷ್ಟು ಹತ್ತಿರ ಹತ್ತಿರ ಇರುತ್ತಿರಲಿಲ್ಲವೆಂದು ಪ್ರೊಫೆಸರು ವಾದಿಸಿ, ಬೆರಳಿನಿಂದಲೇ ಕೆಲವನ್ನು ಬರೆದರು. ಇದು ಅಂಚಿನದು, ಇದು ಒಂದರ ಮೇಲೊಂದು ಬಿದ್ದಿದ್ದು, ಇದನ್ನು ಅವರು ಎರಡು ಸಲ ಎಣಿಸಿರಬಹುದು. ಮಣ್ಣಿನ ಮೇಲೆ ವೃತ್ತಗಳು ಹರಡಿದವು.

ಟೈಲರಮ್ಮ ಅವರಿಬ್ಬರ ನೆತ್ತಿಯ ಮೇಲಿಂದ ಬಗ್ಗಿ ನೋಡುತ್ತಿದ್ದಳು.

“ಈ ಸಣ್ಣ ಗುಂಡುಗಳಲ್ಲಿ ಬದುಕಿರೋದು ಯಾವುದು?” ಎಂದು ಕೇಳಿದಳು.

ಟೀಚರು ತೋರಿಸಲು ಬೆರಳು ಎತ್ತಿದಳು. ತಾನೇ ಬರೆದದ್ದು ಇಲ್ಲೇ ಎಲ್ಲೋ ಇತ್ತು. ಬೆರಳು ಒಂದು ವೃತ್ತದ ಮೇಲೆ ಹೋಯಿತು, ಅಲ್ಲಿಂದ ಪಕ್ಕದ್ದಕ್ಕೆ ಸರಿಯಿತು, ಅಲ್ಲೂ ನಿಲ್ಲಲಿಲ್ಲ. ಪ್ರೊಫೆಸರ ಕಡೆ ನೋಡಿದಳು. ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ಬಗ್ಗಿದರು.

ಗೇಟಿನಿಂದ ಎಲೆಕ್ಟ್ರಿಷಿಯನ್ ಕೂಗಿದ. “ಅಕ್ಕಾ, ವ್ಯಾನಿನವನು ಕಾಯ್ತಿದ್ದಾನೆ!”

“ಬಂದೆ ಇರೋ.”

ಟೈಲರಮ್ಮ ಸೆರಗನ್ನು ಒಂದು ಕೈಯಲ್ಲಿ ಒಟ್ಟುಗೂಡಿಸಿಕೊಂಡು, ವೃತ್ತಗಳ ನಡುವೆ ಜಾಗ ಹುಡುಕಿ ಹುಡುಕಿ ಕಾಲಿಡುತ್ತಾ, ಒಂದನ್ನೂ ತುಳಿಯದೆ ಆಚೆ ದಾಟಿದಳು.